ಯಾರಿಗ್ ಹಾಡಿದ್ರಿ?



ಹೋದ ಕ್ರಿಸ್ಮಸ್ ಕಾರ್ಯಕ್ರಮಕ್ಕೆ ನಮ್ಮ ಯುವಕ ಸಂಘದವರು ಒಂದು ರ‍್ಯಾಪ್ ಕಟ್ಟಿದ್ದೆವು. ಹಿಂದಿಯಲ್ಲಿ, ನಡುನಡುವೆ ಇಂಗ್ಲಿಷ್. ಟೋಪಿ ಹಿಂದುಮುಂದು ಹಾಕಿಕೊಂಡು ಹಾಡಿದೆವು, ಚಪ್ಪಾಳೆಯೂ ಬಿತ್ತು. ಆಮೇಲೆ ಚಹಾ ಕುಡಿಯುವಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಆಯಿ ಒಬ್ಬರು, "ಯೇಸುಸ್ವಾಮಿ ಹೆಸ್ರು ಒಂದ್ ಕೇಳಿಸ್ತು. ಉಳದದ್ದು ಏನೂ ತಿಳೀಲಿಲ್ಲ. ಯಾರಿಗ್ ಹಾಡಿದ್ರಿ?" ಅಂದರು.

ಉತ್ತರ ಹೇಳಲು ಆಗಲಿಲ್ಲ. ಜತ್ತದಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ಹಿಂದಿ ಬರುವುದು ಮೊಬೈಲಿನಲ್ಲಿ.

ನಾವು ನಕಲು ಮಾಡಿದ್ದು ಡಿವೈನ್ ಅವರನ್ನು. ಅಸಲು ಹೆಸರು ವಿವಿಯನ್ ಫರ್ನಾಂಡಿಸ್, ಮುಂಬಯಿ ಅಂಧೇರಿಯ ಜೆ.ಬಿ. ನಗರದ ಕ್ರೈಸ್ತ ಹುಡುಗ. ತಾಯಿ ಹೊರದೇಶದಲ್ಲಿ ದುಡಿಯುವಾಗ ಅಜ್ಜಿಯ ಹತ್ತಿರ ಬೆಳೆದವರು. ಅವರೂ ಮೊದಲು ಇಂಗ್ಲಿಷಿನಲ್ಲೇ ರ‍್ಯಾಪ್ ಮಾಡುತ್ತಿದ್ದರು. ಆಮೇಲೆ ತಮ್ಮ ಗಲ್ಲಿಯ ಹಿಂದಿಗೆ ತಿರುಗಿದರು. 2013ರಲ್ಲಿ 'ಯೇ ಮೇರಾ ಬಾಂಬೆ', 2015ರಲ್ಲಿ ನೇಜಿ ಜೊತೆ 'ಮೇರೆ ಗಲ್ಲಿ ಮೇ' ಬಂದವು. ಇವರಿಬ್ಬರ ಬದುಕಿನಿಂದ ಪ್ರೇರಣೆ ಪಡೆದ 'ಗಲ್ಲಿ ಬಾಯ್' ಸಿನಿಮಾ 2019ರಲ್ಲಿ ತೆರೆಕಂಡಿತು. ಅದೇ ವರ್ಷ ಡಿವೈನ್ ಬೇರೆ ಹುಡುಗರಿಗೂ ದಾರಿಯಾಗಲೆಂದು 'ಗಲ್ಲಿ ಗ್ಯಾಂಗ್' ಎಂಬ ಸಂಸ್ಥೆ ಕಟ್ಟಿದರು. ಅವರ ಎಲ್ಲ ಹಾಡನ್ನೂ ಫಾದರ್ ಮುಂದೆ ಹಾಕಲಿಕ್ಕೆ ಬರುವುದಿಲ್ಲ, ಬೈಗುಳ ಬಹಳ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಸ್ವಂತ ಗಲ್ಲಿಯ ಮಾತಿಗೆ ಬಂದ ಮೇಲೇ ಅವರ ದನಿಗೆ ಬಲ ಬಂತು ಎಂಬುದೂ ಖರೆ. ಅವರ ಟೋಪಿ ನಮಗೆ ಕಂಡಿತ್ತು, ಇದು ಕಂಡಿರಲಿಲ್ಲ.

ಧಾರಾವಿಯಲ್ಲಿ ಮಕ್ಕಳಿಗೆ ರ‍್ಯಾಪ್, ಬೀಟ್‌ಬಾಕ್ಸಿಂಗ್, ಬ್ರೇಕ್‌ಡ್ಯಾನ್ಸ್ ಪುಕ್ಕಟೆ ಕಲಿಸುವ ಹಿಪ್ ಹಾಪ್ ಶಾಲೆಯೇ ಇದೆ, ಧಾರಾವಿ ಡ್ರೀಮ್ ಪ್ರಾಜೆಕ್ಟ್ ಅಂತ. ಅದನ್ನು ನೋಡಿ ನಮಗೂ ಹುರುಪು ಬಂತು. ಶನಿವಾರ ಸಂಜೆ ಧರ್ಮೋಪದೇಶದ ತರಗತಿ ಮುಗಿದ ಮೇಲೆ ಮಕ್ಕಳನ್ನು ಗುಡಿಯ ಅಂಗಳದಲ್ಲಿ ಕೂಡಿಸತೊಡಗಿದೆವು.

ಹಿರಿಯರು ಕೆಲವರು ಮುಖ ಸಿಂಡರಿಸಿದರು. ಅವರನ್ನು ಒಪ್ಪಿಸಿದ್ದು ನಮ್ಮ ಮಾತಲ್ಲ, ಗೀಗೀ ಪದ. ಹರದೇಶಿಯವರು ಒಂದು ಸವಾಲು ಎಸೆಯುತ್ತಾರೆ, ನಾಗೇಶಿಯವರು ದಪ್ಪಿನ ಪೆಟ್ಟಿಗೆ ಸರಿಯಾಗಿ ಜವಾಬು ಕೊಡುತ್ತಾರೆ, ರಾತ್ರಿಯಿಡೀ. "ಅಮೆರಿಕದ ಹುಡುಗರು ಮಾಡೂದೂ ಇದ್ನ ಏನ್ರೋ?" ಎಂದು ಕಾಕಾ ಒಬ್ಬರು ನಕ್ಕರು. ಮುಂದಿನ ಶನಿವಾರ ಅವರೇ ಹಲಗಿ ತಂದರು!

ಕಲಿಸಲು ಹೋದಾಗಲೇ ನಮ್ಮ ಬಡತನ ಗೊತ್ತಾಯಿತು. ಪ್ರಾಸ ಹೇಳಿಕೊಟ್ಟೆವು, ತಾಳ ಹೇಳಿಕೊಟ್ಟೆವು. ಹೇಳಬೇಕಾದ ಮಾತು ಮಾತ್ರ ಮಕ್ಕಳ ಹತ್ತಿರವೇ ಇತ್ತು. ನಮ್ಮ ಕಡೆ ಗ್ಯಾಂಗ್ ಅಂದರೆ ಕಬ್ಬು ಕಡಿಯುವ ಗ್ಯಾಂಗ್. ದೀಪಾವಳಿ ಸುಮಾರಿಗೆ ಅಪ್ಪ-ಅವ್ವ ಕಾರ್ಖಾನೆ ಕಡೆ ಹೋದರೆ ತಿರುಗಿ ಬರುವುದು ಬೇಸಿಗೆಗೆ. ಮಕ್ಕಳು ಆಯಿಯ ಹತ್ತಿರ ಉಳಿಯುತ್ತಾರೆ. ಕ್ರಿಸ್ಮಸ್ ಬರುವುದು ಸರಿಯಾಗಿ ಆ ನಡುವೆ. ಮೂರನೆಯ ಇಯತ್ತೆಯ ಹುಡುಗನೊಬ್ಬ ಕೇಳಿದ: "ಅಣ್ಣಾ, ಗೋದಲಿಯೊಳಗ ಅವ್ವ-ಅಪ್ಪ ಇಬ್ರೂ ಅದಾರ. ನಮ್ಮ ಮನ್ಯಾಗ ಆಯಿ ಒಬ್ಬಾಕೀನ. ಇದನ್ನ ಹಾಡಬಹುದೇನು?"

ನಮ್ಮೊಳಗೆ ಯಾರೂ ತುಸು ಹೊತ್ತು ಮಾತಾಡಲಿಲ್ಲ. ಹಾಡಬಹುದು ಅಂದೆವು.

ಈ ಕ್ರಿಸ್ಮಸ್‌ಗೆ ಆ ಹಾಡು ಇದೆ, ಪೂರಾ ಕನ್ನಡದಲ್ಲಿ. ಕಾಕಾ ಹಲಗಿ ಬಾರಿಸುತ್ತಾರೆ, ನಾವು ಹಿಂದೆ ನಿಂತು ದನಿಗೂಡಿಸುತ್ತೇವೆ. ಅದನ್ನು ಮೊಬೈಲಿನಲ್ಲಿ ಹಿಡಿದು ಅದೇ ರಾತ್ರಿ ಕಬ್ಬಿನ ಫಡದಲ್ಲಿರುವ ಅವನ ಅವ್ವನಿಗೆ ಕಳಿಸಬೇಕು. ಅಲ್ಲಿ ರೇಂಜ್ ಸಿಗುವುದು ಕಷ್ಟವಂತೆ. ಟ್ರ್ಯಾಕ್ಟರ್ ರಸ್ತೆಗೆ ಬಂದಾಗ ನೋಡುತ್ತೇನೆ ಅಂದಿದ್ದಾರೆ.