ಅರ್ಕಾವತ್ತು ಹಿಂದ ಬರ್ತದ

ನಾರಾಯಣಪುರ ಎಡದಂಡೆ ಕಾಲುವೆ ಹರಿಯುವ ಸುರಪುರ ಸೀಮೆಯ ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿ ಹಳೆಯ ‘ನುಡಿ’ ಫಾಂಟಿನಲ್ಲಿತ್ತು. ಎಕ್ಸೆಲ್ ಕಡತವನ್ನು ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಕೊಕ್ಕೆ-ಕೊಂಬಿನ ರೋಮನ್ ಅಕ್ಷರಗಳು. ಯೂನಿಕೋಡ್‌ಗೆ ಬದಲಿಸಿಕೊಡ್ರಿ ಎಂದರು ಸಂಘದವರು. ಶಹಾಪುರದಲ್ಲಿ ಓದಿ ಬೆಂಗಳೂರಿನಲ್ಲಿ ಕೋಡ್ ಬರೆಯುವ ನನಗೆ ಇದೇನು ಮಹಾ ಎನಿಸಿತು. ಒಂದೇ ಸಂಜೆಯಲ್ಲಿ ಪೈಥಾನ್‌ನಲ್ಲಿ ಬರೆದು ಮುಗಿಸಿದೆ.

ಪರೀಕ್ಷೆ ಮಾಡಲಿಲ್ಲ ಎಂದಲ್ಲ. ಯಾದಗಿರಿ, ಶಹಾಪುರ, ಸುರಪುರ ಎಂದು ಹಾಕಿದೆ, ಸರಿ ಬಂತು. ಒತ್ತಕ್ಷರಕ್ಕೆ ಮಲ್ಲಪ್ಪ, ಭೀಮಣ್ಣ ಹಾಕಿದೆ, ಅವೂ ಸರಿ. ಅರ್ಕಾವತ್ತು ಇರುವ ಹೆಸರು ಇವುಗಳಲ್ಲಿ ಒಂದೂ ಇಲ್ಲ ಎಂಬುದು ಹೊಳೆಯಲೇ ಇಲ್ಲ. ನಮ್ಮ ಕಡೆ ಓಣಿಗೊಬ್ಬ ಮಲ್ಲಿಕಾರ್ಜುನ ಸಿಗುತ್ತಾನೆ!

ಯೂನಿಕೋಡ್‌ನಲ್ಲಿ ರ್ಜು ಎಂಬುದು ಉಚ್ಚಾರದ ಕ್ರಮದಲ್ಲೇ ಕೂರುತ್ತದೆ: ಮೊದಲು ರಕಾರ, ಆಮೇಲೆ ಜಕಾರ, ಕೊನೆಗೆ ಕೊಂಬು. ಹಳೆಯ ನುಡಿಯಲ್ಲಿ ಅದು ಬರೆಯುವ ಕ್ರಮ: ಜು ಮೊದಲು, ಅರ್ಕಾವತ್ತು ಅದರ ಬೆನ್ನಿಗೆ. ನನ್ನ ಪ್ರೋಗ್ರಾಂ ಅದನ್ನು ಇದ್ದಲ್ಲೇ ಬಿಟ್ಟು ಚಿಹ್ನೆ ಮಾತ್ರ ಬದಲಿಸಿತು. ಮಲ್ಲಿಕಾರ್ಜುನ ಹೋಗಿ ಮಲ್ಲಿಕಾಜುರ್ನ, ಪಾರ್ವತಮ್ಮ ಹೋಗಿ ಪಾವರ್ತಮ್ಮ, ಧರ್ಮಣ್ಣ ಹೋಗಿ ಧಮರ್ಣ್ಣ. ಒತ್ತಕ್ಷರ ಕೆಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಇದು ಹಾಗಲ್ಲ, ಅವಸರದಲ್ಲಿ ಓದುವವನ ಕಣ್ಣು ತಾನೇ ತಿದ್ದಿಕೊಂಡು ಮುಂದೆ ಹೋಗುತ್ತದೆ.

ಹುಡುಕುವ ಕಂಪ್ಯೂಟರ್ ತಿದ್ದಿಕೊಳ್ಳುವುದಿಲ್ಲವಲ್ಲ. ಸಂಘದ ಗುಮಾಸ್ತ ಮಲ್ಲಿಕಾರ್ಜುನ ಎಂದು ಒತ್ತಿದರೆ ಯಾರೂ ಸಿಗಲಿಲ್ಲ. ಹೆಸರು ಬಿಟ್ಟುಹೋಗಿದೆ ಎಂದುಕೊಂಡು ಆತ ಹೊಸ ಸಂಖ್ಯೆ ಕೊಟ್ಟು ಮತ್ತೆ ಸೇರಿಸಿದ. ಹಾಗೆ ಒಬ್ಬೊಬ್ಬರು ಇಬ್ಬಿಬ್ಬರಾದರು. ಚುನಾವಣೆಗೆ ಮತದಾರರ ಪಟ್ಟಿ ಗೋಡೆಗೆ ಅಂಟಿಸಿದ ದಿನ ಫೋನ್ ಬಂತು: “ತಮ್ಮಾ, ನಮ್ಮಪ್ಪನ ಹೆಸ್ರು ಎರಡು ಕಡೆ ಅದ. ಒಂದು ಓದಾಕೇ ಬರವಲ್ದು. ಏನ್ ಮಾಡೀರಿ ಇದು?”

ಮೂಲ ಕಡತ ತೆಗೆದು ಮತ್ತೆ ಓಡಿಸೋಣವೆಂದರೆ ಅದಿರಲಿಲ್ಲ. ಇದ್ದ ಒಂದೇ ಪ್ರತಿಯ ಮೇಲೆಯೇ ಉಳಿಸಿಬಿಟ್ಟಿದ್ದೆ. ಕಂಪನಿಯಲ್ಲಿ ಒಂದು ಸಾಲು ತಿದ್ದಿದರೂ ಗಿಟ್‌ಗೆ ಹಾಕಿ, ಇನ್ನೊಬ್ಬರಿಗೆ ತೋರಿಸಿ ಒಪ್ಪಿಗೆ ಪಡೆಯುವವ ನಾನು. ಊರಿನ ಕೆಲಸಕ್ಕೆ ಅದೆಲ್ಲ ಯಾಕೆ ಎಂಬ ಉಡಾಫೆ ಒಳಗೆಲ್ಲೋ ಇತ್ತು. ಕೊನೆಗೆ ಗುಮಾಸ್ತನೂ ನಾನೂ ರಟ್ಟಿನ ರಿಜಿಸ್ಟರ್ ತೆರೆದು ಹೆಸರು ಹೆಸರೇ ತಾಳೆ ನೋಡಬೇಕಾಯಿತು.

ಹೊಟ್ಟೆ ಉರಿದದ್ದು ಮಾತ್ರ ಆಮೇಲೆ. ಅರವಿಂದ ವಿ.ಕೆ. ಅವರು ಬರೆದ ಇಂಥದೇ ಪರಿವರ್ತಕ ಗಿಟ್‌ಹಬ್‌ನಲ್ಲಿ ಮುಕ್ತವಾಗಿಯೇ ಇತ್ತು. ಅದರಲ್ಲಿ ಒತ್ತಕ್ಷರಕ್ಕೆ ಒಂದು, ಅರ್ಕಾವತ್ತಿಗೆ ಒಂದು ಎಂದು ಬೇರೆ ಬೇರೆ ಫಂಕ್ಷನ್ನುಗಳೇ ಇವೆ. ಹುಡುಕಿದ್ದರೆ ನನ್ನ ಸಂಜೆಯೂ ಉಳಿಯುತ್ತಿತ್ತು. ಅಷ್ಟೂ ಬೇಡ, ಶಹಾಪುರದಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿಯವರನ್ನು ಕೇಳಿದ್ದರೂ ಸಾಕಿತ್ತು. ಕತೆ ಹೇಳಿದಾಗ ಅವರು ಪರದೆಯಿಂದ ಕಣ್ಣು ಕೀಳದೆ ಅಂದರು: “ಅರ್ಕಾವತ್ತು ಹಿಂದ ಬರ್ತದ ಅಲ್ರೀ. ಫಾಂಟ್ ಬದಲು ಮಾಡಿದ್ರ ಕಾಣ್ತದ.”

ಈ ಸಲ ತಿದ್ದಿದ ಕೋಡನ್ನು ಯಾದಗಿರಿಯ ಗೆಳೆಯನಿಗೆ ಕಳಿಸಿದೆ. ಅವನು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ‘ಸಾಮರ್ಥ್ಯ’ ಎಂಬ ಒಂದೇ ಪದ ಬರೆದು ಕಳಿಸಿದ. ಅಲ್ಲಿ ಥಕಾರಕ್ಕೆ ಯ ಒತ್ತು ಬಂದು, ಅದರ ಬೆನ್ನಿಗೆ ಅರ್ಕಾವತ್ತು. ನನ್ನ ತಿದ್ದುಪಡಿ ಒತ್ತಿನವರೆಗೆ ಹಿಂದೆ ಸರಿದು ಅಲ್ಲೇ ನಿಲ್ಲುತ್ತಿತ್ತು. ಇಡೀ ಅಕ್ಷರವನ್ನು ದಾಟುವಂತೆ ಬದಲಿಸಿದೆ, ಆ ಪದವನ್ನು ಪರೀಕ್ಷೆಯ ಕಡತಕ್ಕೆ ಸೇರಿಸಿದೆ. ಈಗ ಆ ಕಡತದಲ್ಲಿ ಡಿಟಿಪಿಯವರು ಹೇಳಿದ ಪದಗಳೂ ಇವೆ, ಗುಮಾಸ್ತ ವಾಟ್ಸಾಪ್‌ನಲ್ಲಿ ಕಳಿಸಿದ ಹೆಸರುಗಳೂ ಇವೆ.

ಇನ್ನೊಂದು ತೊಡಕು ಹಾಗೇ ಉಳಿದಿದೆ. ಹಳೆಯ ನುಡಿಯಲ್ಲಿ ಅನುಸ್ವಾರದ ಸೊನ್ನೆ ಇರುವುದು ಇಂಗ್ಲಿಷಿನ ದೊಡ್ಡ ‘ಎ’ ಜಾಗದಲ್ಲಿ. ಹಾಗಾಗಿ ಸರ್ವೆ ನಂಬರ್ 45/ಎ ಎಂದು ಇಂಗ್ಲಿಷಿನಲ್ಲಿ ಒತ್ತಿದ್ದರೆ ಪರಿವರ್ತನೆಯಾಗಿ 45/ಂ ಬರುತ್ತದೆ. ಅಂಕಿಯ ಪಕ್ಕದ್ದನ್ನು ಮುಟ್ಟಬಾರದು ಎಂದು ನನ್ನ ವಾದ. ಆ ಅಂಕಣವನ್ನೇ ಪ್ರೋಗ್ರಾಂಗೆ ಕೊಡಬೇಡ, ಕೈಯಲ್ಲಿ ನೋಡು ಎನ್ನುತ್ತಾನೆ ಗೆಳೆಯ.