ಚಕ್ಕುಬಂದಿ

ಬೈಲಹೊಂಗಲದ ಸುತ್ತಣ ಎರೆಯ ಹೊಲಗಳಲ್ಲಿ ಬಾಂದಗಲ್ಲು ಒಂದು ಗೇಣು ಸರಿದರೆ ಸಾಕು, ಒಡಹುಟ್ಟಿದ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಆ ಗೇಣು ನೆಲದ ಸಲುವಾಗಿ ತಂದೆ ಹೂಡಿದ ದಾವೆಯನ್ನು ಮೊಮ್ಮಗನು ವಕೀಲನಾಗಿ ಬಂದು ಮುಂದುವರಿಸಿದರೂ ಆಶ್ಚರ್ಯವಿಲ್ಲ. ಆದರೆ ಅದೇ ರೈತನ ಊರನ್ನೂ, ಓಣಿಯನ್ನೂ, ಅವನ ಮತವನ್ನೂ ಒಂದು ಕ್ಷೇತ್ರದಿಂದ ಕಿತ್ತು ಇನ್ನೊಂದು ಕ್ಷೇತ್ರದಲ್ಲಿ ನೆಟ್ಟಾಗ ಅವನು ತಲೆಯೆತ್ತಿಯೂ ನೋಡುವುದಿಲ್ಲ. ಹೊಲದ ಬದು ಕಣ್ಣಿಗೆ ಕಾಣುತ್ತದೆ; ಮತದ ಬದು ಕಾಣುವುದಿಲ್ಲ. ಅದು ರಾಜ್ಯಪತ್ರದ ಸಣ್ಣ ಅಕ್ಷರಗಳಲ್ಲಿ ಹುಟ್ಟಿ, ಐದು ವರ್ಷಕ್ಕೊಮ್ಮೆ ಮತಗಟ್ಟೆಯ ಬಾಗಿಲಲ್ಲಿ ಮಾತ್ರ ಮುಖ ತೋರಿಸುತ್ತದೆ.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಸೀಮೆಯನ್ನು ಕಟ್ಟಿದವಳು ಮಲಪ್ರಭೆ. ಕಣಕುಂಬಿಯ ಕಾಡಿನಲ್ಲಿ ಹುಟ್ಟಿ, ಖಾನಾಪುರವನ್ನು ಹಾದು, ಕಿತ್ತೂರು ಬೈಲಹೊಂಗಲಗಳ ಸೀಮೆಗೆ ನೀರೂಡಿ, ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ತಲೆಬಾಗಿ, ರಾಮದುರ್ಗದ ಮಗ್ಗುಲಲ್ಲಿ ಹರಿದುಹೋಗುವ ಈ ಹೊಳೆಗೆ ಯಾವ ಕ್ಷೇತ್ರದ ಗಡಿಯೂ ಗೊತ್ತಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳಿಗೂ ಗೊತ್ತಿಲ್ಲ. ಗೊತ್ತಿರುವುದು ನಕ್ಷೆಗೆ ಮಾತ್ರ.

ಆ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿದರೆ ಒಂದು ವಿಚಿತ್ರವು ಕಣ್ಣಿಗೆ ಬೀಳುತ್ತದೆ. ರಾಣಿ ಚೆನ್ನಮ್ಮನು ಆಳಿದ್ದು ಕಿತ್ತೂರಿನಲ್ಲಿ. ೧೮೨೯ರ ಫೆಬ್ರುವರಿಯಲ್ಲಿ ಸೆರೆಯಲ್ಲಿಯೇ ಕಣ್ಣುಮುಚ್ಚಿ ಮಣ್ಣಾದದ್ದು ಬೈಲಹೊಂಗಲದಲ್ಲಿ. ಕೋಟೆ ಅಲ್ಲಿ, ಸಮಾಧಿ ಇಲ್ಲಿ. ಆದರೆ ಲೋಕಸಭೆಗೆ ಮತ ಹಾಕುವ ದಿನ ಸಮಾಧಿಯ ಊರು ಬೆಳಗಾವಿ ಕ್ಷೇತ್ರಕ್ಕೆ ಸೇರುತ್ತದೆ. ಕೋಟೆಯ ಊರು ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರುತ್ತದೆ. ಬೆಳಗಾವಿ ಧಾರವಾಡಗಳ ನಡುವಣ ಹೆದ್ದಾರಿಯ ಮಗ್ಗುಲಲ್ಲಿರುವ ಕಿತ್ತೂರಿನ ಮತದಾರನು ಕಡಲ ಕರೆಯ ಕಾರವಾರ, ಕುಮಟಾ, ಭಟ್ಕಳಗಳವರೊಂದಿಗೆ ಒಬ್ಬನೇ ಸಂಸದನನ್ನು ಆರಿಸಬೇಕು. ಜೋಳದ ರೊಟ್ಟಿಯವರಿಗೂ ಮೀನುಸಾರಿನವರಿಗೂ ದೆಹಲಿಯಲ್ಲಿ ಒಂದೇ ಬಾಯಿ!

ಇದು ಯಾರ ಹಗೆಯೂ ಅಲ್ಲ, ಕುತಂತ್ರವೂ ಅಲ್ಲ, ಬರಿಯ ಭಾಗಾಕಾರ. ಕರ್ನಾಟಕದ ವಿಧಾನಸಭೆಗೆ ೨೨೪ ಸ್ಥಾನಗಳು, ಲೋಕಸಭೆಗೆ ೨೮. ಎಂದರೆ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು. ಬೆಳಗಾವಿ ಜಿಲ್ಲೆಗೆ ಬಂದವು ಹದಿನೆಂಟು. ಎಂಟನ್ನು ಬೆಳಗಾವಿಗೆ, ಎಂಟನ್ನು ಚಿಕ್ಕೋಡಿಗೆ ಕೊಟ್ಟ ಮೇಲೆ ಉಳಿದವು ಎರಡು. ಅತ್ತ ಉತ್ತರ ಕನ್ನಡ ಜಿಲ್ಲೆಗೆ ಇದ್ದವು ಆರು. ಎಂಟಕ್ಕೆ ಎರಡು ಕಡಿಮೆ. ಉಳಿದ ಎರಡು ಇಲ್ಲದ ಎರಡನ್ನು ತುಂಬಿದವು. ಖಾನಾಪುರವೂ ಕಿತ್ತೂರೂ ಘಟ್ಟದ ಕಡೆಗೆ ನಡೆದವು. ಲೆಕ್ಕದ ಮಾಸ್ತರರು ಇದಕ್ಕೆ ಪೂರ್ಣ ಅಂಕ ಕೊಟ್ಟಾರು. ಆದರೆ ಕಿತ್ತೂರು ಆಗ ಬೈಲಹೊಂಗಲ ತಾಲೂಕಿನದೇ ಊರಾಗಿತ್ತು. ಒಂದೇ ಕಚೇರಿಗೆ ಕಂದಾಯ ಕಟ್ಟುವ ಜನ ಇಬ್ಬರು ಸಂಸದರ ಪ್ರಜೆಗಳಾದರು ಎಂಬುದು ಆ ಲೆಕ್ಕದ ಉತ್ತರದಲ್ಲಿ ಕಾಣುವುದಿಲ್ಲ.

ಈ ಗೆರೆಗಳನ್ನು ಎಳೆಯುವ ವಿಧಾನವು ಗುಟ್ಟಿನದೇನೂ ಅಲ್ಲ. ೨೦೦೨ರ ಶಾಸನದಂತೆ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗರ ಅಧ್ಯಕ್ಷತೆಯಲ್ಲಿ ಕ್ಷೇತ್ರ ಪುನರ್ವಿಂಗಡಣಾ ಆಯೋಗವು ಏರ್ಪಟ್ಟಿತು. ಅದರ ಕೈಯಲ್ಲಿದ್ದುದು ೨೦೦೧ರ ಜನಗಣತಿ: ಕರ್ನಾಟಕದ ಜನಸಂಖ್ಯೆ ೫,೨೮,೫೦,೫೬೨. ಅದನ್ನು ೨೨೪ರಿಂದ ಭಾಗಿಸಿದರೆ ಒಂದೊಂದು ಕ್ಷೇತ್ರಕ್ಕೆ ಸುಮಾರು ೨,೩೬,೦೦೦ ಜನ. ಕ್ಷೇತ್ರವು ಒತ್ತಾಗಿರಬೇಕು, ಹೊಳೆ, ಗುಡ್ಡ, ಆಡಳಿತದ ಗಡಿ, ಹಾದಿಯ ಅನುಕೂಲ, ಜನರ ಸೌಕರ್ಯ ಇವನ್ನು ನೋಡಬೇಕು ಎಂದು ಶಾಸನವು ಹೇಳುತ್ತದೆ. ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಆಕ್ಷೇಪಣೆಗಳನ್ನು ಕರೆದು, ಬಹಿರಂಗ ಸಭೆಗಳಲ್ಲಿ ಜನರ ಮಾತು ಕೇಳಬೇಕೆಂದೂ ಹೇಳುತ್ತದೆ. ಅಂತಿಮ ಆಜ್ಞೆ ಬಂದ ಬಳಿಕ ಅದಕ್ಕೆ ಕಾನೂನಿನ ಬಲ. ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿಲ್ಲ. ತೀರ ಸ್ವೇಚ್ಛೆಯದಾಗಿ, ಸಂವಿಧಾನದ ಮೌಲ್ಯಗಳಿಗೆ ವಿರುದ್ಧವಾಗಿದ್ದರೆ ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟು ೨೦೨೪ರಲ್ಲಿ ಹೇಳಿತಾದರೂ, ಅಷ್ಟು ದೂರ ಹೋಗುವವರೆಷ್ಟು ಮಂದಿ? ೨೦೦೮ರ ಮೇ ತಿಂಗಳಲ್ಲಿ ಹೊಸ ಗೆರೆಗಳ ಮೇಲೆ ದೇಶದಲ್ಲಿ ಮೊಟ್ಟಮೊದಲು ಮತ ಹಾಕಿದ್ದು ಕರ್ನಾಟಕ. ಪರಸಗಡವೆಂಬ ಹಳೆಯ ಕ್ಷೇತ್ರವು ‘ಸವದತ್ತಿ ಎಲ್ಲಮ್ಮ’ ಎಂದು ಹೆಸರು ಬದಲಿಸಿದ್ದನ್ನು ಅನೇಕರು ಅರಿತದ್ದು ಚುನಾವಣೆಯ ಗೋಡೆಬರಹಗಳಿಂದ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿರಬೇಕು.

* * *

ದೊಡ್ಡ ಕ್ಷೇತ್ರಗಳ ಮಾತು ದೊಡ್ಡವರಿಗಿರಲಿ. ಓಣಿಯ ಮಾತು ಓಣಿಯವರದೇ ಆಗಬೇಕಷ್ಟೆ.

ಈ ಸೀಮೆಯದೇ ಒಂದು ಪಟ್ಟಣ. ಅಲ್ಲಿ ಒಬ್ಬ ನಿವೃತ್ತ ಕನ್ನಡ ಮಾಸ್ತರರು. ಊರಿನ ವಾರ್ಡುಗಳನ್ನು ೨೦೧೧ರ ಗಣತಿಗೆ ತಕ್ಕಂತೆ ಹೊಸದಾಗಿ ವಿಂಗಡಿಸುವ ಕರಡು ಹೊರಬಿದ್ದಿದೆ. ಕಚೇರಿಯ ಫಲಕದ ಮೇಲೆ ಮದುವೆಯ ಆಹ್ವಾನದಷ್ಟು ಅಗಲದ ಕಾಗದದಲ್ಲಿ ಪ್ರತಿ ವಾರ್ಡಿನ ಚಕ್ಕುಬಂದಿ: ಉತ್ತರಕ್ಕೆ ಇಂಥದು, ಪೂರ್ವಕ್ಕೆ ಇಂಥದು. ಮಾಸ್ತರರು ಕನ್ನಡಕವನ್ನು ಹಣೆಗೇರಿಸಿ ಓದುತ್ತ ಹೋಗಿ ಒಂದು ಸಾಲಿಗೆ ಬಂದು ನಿಂತರು. ಅವರ ಓಣಿಯ ನಟ್ಟನಡುವಿನ ಬಾವಿಯೇ ಎರಡು ವಾರ್ಡುಗಳ ಗಡಿ. ಮೂಡಣ ಸಾಲಿನ ಮನೆಗಳು ಹಳ್ಳದಾಚೆಯ ವಾರ್ಡಿಗೆ. ಮತಗಟ್ಟೆ ದೊಡ್ಡ ರಸ್ತೆಯ ಆಚೆ.

ಸುದ್ದಿ ಸಂಜೆಯೊಳಗೆ ಕಟ್ಟೆಗೆ ಬಂತು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದು ಕೇಳಿದರು: “ಮಾಸ್ತರ, ಓಟ್ ಹಾಕಾಕ ಇನ್ನ ಹಳ್ಳಾ ದಾಟಬೇಕಂತ, ಖರೇ ಏನು?”

“ಬರದಾರ ಆಯಿ. ಇನ್ನೂ ಕಾಯಂ ಆಗಿಲ್ಲ.”

ಕಿರಾಣಿ ಅಂಗಡಿಯ ಸಾಹುಕಾರರಿಗೆ ಇದರಿಂದ ಸಂತೋಷವೇ. ಅವರ ಅಳಿಯನಿಗೆ ಸದಸ್ಯನಾಗುವ ಹಂಬಲ. “ಬಂದ ಲಕ್ಷ್ಮೀನ ಬ್ಯಾಡ ಅನಬ್ಯಾಡ್ರಿ ಮಾಸ್ತರ್ರ. ಓಣಿ ಎರಡಾದರ ನಮಗ ಇಬ್ಬರು ಮೆಂಬರು.”

“ಎರಡು ಊರಿನ ಬೀಗ ಉಪವಾಸ ಅಂತಾರ್ರೀ ಸಾಹುಕಾರ್ರ. ಗಟಾರು ತುಂಬಿದಾಗ ಇವರು ಅವರ ಕಡೆ ಕೈ ತೋರಸ್ತಾರ, ಅವರು ಇವರ ಕಡೆ.”

ಆ ರಾತ್ರಿಯೇ ಮಾಸ್ತರರು ಆಕ್ಷೇಪಣೆಯನ್ನು ಬರೆದರು. ಚೆನ್ನಮ್ಮನಿಂದ ಮೊದಲಾಯಿತು, ಸಂಗೊಳ್ಳಿ ರಾಯಣ್ಣ ಬಂದ, ಶಿರಸಂಗಿ ಲಿಂಗರಾಜರ ದಾನವೂ ಬಂತು, ನಾಲ್ಕು ಪುಟ ತುಂಬಿದವು. ಮರುದಿನ ಅದನ್ನು ಹಳೆಯ ಶಿಷ್ಯನೊಬ್ಬನಿಗೆ ತೋರಿಸಿದರು. ಬೇರೊಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು ಭಕ್ತಿಯಿಂದ ಕೊನೆಯತನಕ ಓದಿ, ತಲೆ ತುರಿಸಿಕೊಂಡು ಕೇಳಿದ: “ಛಲೋ ಐತ್ರಿ ಸರ. ಆದರ ಇದರಾಗ ನಮ್ಮ ಓಣಿ ಎಲ್ಲಿ ಐತ್ರಿ?”

‘ವಿಷಯಕ್ಕೆ ಬಾ’ ಎಂದು ಮೂವತ್ತು ವರ್ಷ ಹುಡುಗರ ಪ್ರಬಂಧಗಳ ಅಂಚಿನಲ್ಲಿ ಕೆಂಪು ಮಸಿಯಿಂದ ಬರೆದವರು ಅವರು. ನಕ್ಕು ನಾಲ್ಕು ಪುಟಗಳನ್ನೂ ಹರಿದರು.

ಗುಮಾಸ್ತನು ಇನ್ನೊಂದು ಮಾತನ್ನೂ ಹೇಳಿದ. ವಾರ್ಡುಗಳ ಜನಸಂಖ್ಯೆ ಆದಷ್ಟು ಸಮನಾಗಿರಬೇಕು. ‘ನಮ್ಮನ್ನು ಕಳೆಯಬೇಡಿ’ ಎಂದರೆ ಸಾಲದು. ನಮ್ಮ ಬದಲು ಅಷ್ಟೇ ಜನರನ್ನು ಎಲ್ಲಿಂದ ಕಳೆಯಬೇಕು ಎಂದು ತೋರಿಸಬೇಕು. ಇಷ್ಟು ಕೇಳಿದ ಮೇಲೆ ಮಾಸ್ತರರಿಗೆ ಆ ಸುಲಭದ ಕಾಗದವು ಸುಲಭವಾಗಿ ಉಳಿಯಲಿಲ್ಲ. ಅವರು ಕೊಡೆ ಹಿಡಿದು ಊರನ್ನೆಲ್ಲ ನಡೆದರು; ಮನೆಗಳನ್ನು ಎಣಿಸಿದರು; ಬಾವಿಯಿಂದ ಮತಗಟ್ಟೆಯ ತನಕ ಹೆಜ್ಜೆಗಳನ್ನು ಲೆಕ್ಕ ಹಾಕಿದರು. ವಾರ್ಡಿನ ಇನ್ನೊಂದು ತುದಿಯಲ್ಲಿ ಒಂದು ಬಡ ಓಣಿಯಿತ್ತು. ತಮ್ಮ ಮೂಡಣ ಸಾಲಿನ ಬದಲು ಅದನ್ನು ಹಳ್ಳದಾಚೆಗೆ ಹಾಕಿದರೆ ಲೆಕ್ಕ ಸರಿಹೋಗುತ್ತಿತ್ತು. ಆ ಓಣಿಯವರು ಆಕ್ಷೇಪಣೆ ಬರೆಯುವವರಲ್ಲ. ಫಲಕವನ್ನು ನೋಡುವವರೂ ಅಲ್ಲ. ಒಂದು ಸಾಲು ಬರೆದರೆ ಕೆಲಸ ಮುಗಿಯುತ್ತಿತ್ತು.

ಮಾಸ್ತರರ ಲೇಖನಿ ಅಲ್ಲಿ ನಿಂತಿತು. ಮರುದಿನ ಮುಂಜಾನೆ ಅವರು ಆ ಓಣಿಗೇ ಹೋಗಿ, ಕಂಬಳಿಯ ಮೇಲೆ ಕುಳಿತು, ಇದ್ದುದನ್ನು ಇದ್ದ ಹಾಗೆ ಹೇಳಿದರು. ಅಲ್ಲಿಯ ಹಿರಿಯನೊಬ್ಬನು ಎಲ್ಲವನ್ನೂ ಕೇಳಿ, ಮೆಲ್ಲಗೆ ಹೇಳಿದ:

“ನಿಮ್ಮ ಅಜ್ಜಿಗೆ ದೂರ ಆಗೋ ಹಳ್ಳ ನಮ್ಮ ಅಜ್ಜಿಗೆ ಹತ್ತರ ಆಗ್ತೈತೇನ್ರೀ ಮಾಸ್ತರ್ರ?”

ಉತ್ತರವಿರಲಿಲ್ಲ. ಹಾಗಾದರೆ ಊರ ಹೊರಗಿನ ಹೊಸ ಬಡಾವಣೆಯ ಮನೆಗಳನ್ನು ಆ ಕಡೆಗೆ ಸೇರಿಸಿದರೆ? ಅದಕ್ಕೂ ದಾರಿಯಿರಲಿಲ್ಲ. ೨೦೧೧ರ ಗಣತಿಯ ದಿನ ಅಲ್ಲಿದ್ದುದು ಜೋಳದ ಹೊಲ. ಕಾಗದದ ಲೆಕ್ಕದಲ್ಲಿ ಆ ಮನೆಗಳೂ ಇಲ್ಲ, ಮಂದಿಯೂ ಇಲ್ಲ. ಕಣ್ಣೆದುರಿಗಿನ ನೂರಾರು ಜನ ಎಣಿಕೆಗೆ ಸಿಗಲೊಲ್ಲರು!

ಕೊನೆಗೆ ಎರಡು ಅರ್ಜಿಗಳಾದವು. ಒಂದರಲ್ಲಿ, ಗೆರೆಯನ್ನು ಬಾವಿಯ ಬದಲು ಹಳ್ಳದ ಗುಂಟ ಎಳೆಯಬೇಕು, ಲೆಕ್ಕದ ಅಲ್ಪ ಏರುಪೇರನ್ನು ಮನ್ನಿಸಬೇಕು ಎಂದು. ಇನ್ನೊಂದರಲ್ಲಿ, ಗೆರೆ ಎಲ್ಲಿಯೇ ಬಿದ್ದರೂ ಮೂಡಣ ಸಾಲಿನವರ ಮತಗಟ್ಟೆಯು ರಸ್ತೆಯ ಈಚೆಗಿನ ಕನ್ನಡ ಶಾಲೆಯಲ್ಲಿರಬೇಕು ಎಂದು. ಎರಡೂ ಸೇರಿ ಒಂದೂವರೆ ಪುಟ. ಕೆಳಗೆ ಎರಡೂ ಓಣಿಗಳವರ ಸಹಿಗಳು, ಹೆಬ್ಬೆಟ್ಟುಗಳು. ಸಾಹುಕಾರರೂ ಸಹಿ ಮಾಡಿದರು, ಎರಡನೆಯದಕ್ಕೆ ಮಾತ್ರ.

ಅಂತಿಮ ಅಧಿಸೂಚನೆಯಲ್ಲಿ ಗೆರೆ ಬಾವಿಯ ಮೇಲೆಯೇ ಉಳಿಯಿತು. ಮತಗಟ್ಟೆ ಮಾತ್ರ ಶಾಲೆಗೆ ಬಂತು.

* * *

ಇದನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ? ಈ ನಾಲ್ಕು ಊರುಗಳ ಹಿಂದಣ ಕಥೆಯನ್ನು ನೆನೆದರೆ ಉತ್ತರವು ಅಷ್ಟು ಕಠಿಣವಲ್ಲ. ಕಿತ್ತೂರಿನ ದತ್ತಕವು ಸಲ್ಲದೆಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿಂತಾಗ ಕಿತ್ತೂರಿನವರ ಆಕ್ಷೇಪಣೆಗೆ ಬೆಲೆಯಿರಲಿಲ್ಲ. ೧೮೨೪ರ ಅಕ್ಟೋಬರ್ ೨೩ರಂದು ಕೋಟೆಯ ಮುಂದೆ ತುಪಾಕಿಗಳು ಮಾತನಾಡಬೇಕಾಯಿತು. ಸಂಸ್ಥಾನದ ಕಾಲದ ರಾಮದುರ್ಗದಲ್ಲಿ ತೆರಿಗೆಯ ಭಾರ ಇಳಿಸಿರೆಂದೂ ಆಡಳಿತದಲ್ಲಿ ತಮ್ಮ ಮಾತು ನಡೆಯಬೇಕೆಂದೂ ಪ್ರಜೆಗಳು ಕೇಳಿದ್ದು ೧೯೩೯ರಲ್ಲಿ ರಕ್ತಪಾತದಲ್ಲಿ ಮುಗಿಯಿತು, ಕೆಲವರು ನೇಣಿಗೇರಿದರು. ಅಂದು ಒಂದು ಮಾತು ಕೇಳಿಸಲು ಕೊರಳು ಕೊಡಬೇಕಾಗಿತ್ತು. ಇಂದು ಬೇಕಾದುದು ಒಂದು ಕಾಗದ, ಗಡುವಿನೊಳಗೆ. ಕೊರಳು ಕೊಟ್ಟವರ ಮೊಮ್ಮಕ್ಕಳಿಗೆ ಕಾಗದವು ಭಾರವಾಗಬಾರದು.

ಆದರೆ ಕಾಗದಕ್ಕೂ ಒಂದು ನೀತಿಯಿದೆ. ತನ್ನ ಹೊಲದ ಬಾಂದಗಲ್ಲನ್ನು ಕಾಯುವವನು ನೆರೆಯವನ ಹೊಲದೊಳಕ್ಕೆ ಅದನ್ನು ಒತ್ತಬಾರದು. ಮತದ ಗೆರೆಯು ಎಲ್ಲರನ್ನೂ ಸಂತೋಷಪಡಿಸಲಾರದು. ಎಲ್ಲಿಯೋ ಒಂದು ಓಣಿ ಒಡೆಯುತ್ತದೆ, ಎಲ್ಲಿಯೋ ಒಂದು ಕಿತ್ತೂರು ಕಡಲಿಗೆ ಜೋಡಿಯಾಗುತ್ತದೆ. ಆದರೂ ಎಳೆಯುವ ಕೈಗೆ ನೆಲದ ಸುದ್ದಿ ಮುಟ್ಟಿಸುವವರು ಬೇಕು. ಹಳ್ಳ ಎಲ್ಲಿದೆ, ಮಳೆಗಾಲದಲ್ಲಿ ಅದು ಎಷ್ಟು ಏರುತ್ತದೆ, ಬಸ್ಸು ಎಲ್ಲಿ ನಿಲ್ಲುತ್ತದೆ, ಮುದುಕಿಯೊಬ್ಬಳು ಎಷ್ಟು ಹೆಜ್ಜೆ ನಡೆದಾಳು, ಇವು ಗಣತಿಯ ಯಾವ ಕೋಷ್ಟಕದಲ್ಲಿಯೂ ಇಲ್ಲ. ಇವನ್ನು ಬಲ್ಲವರು ಊರಿನವರು ಮಾತ್ರ. ಜನಗಣತಿಗಳು ಬರುತ್ತಲೇ ಇರುತ್ತವೆ. ಅವುಗಳ ಬೆನ್ನ ಹಿಂದೆ ಹೊಸ ಗೆರೆಗಳೂ ಬರುತ್ತವೆ. ಅಂದು ಫಲಕದ ಮುಂದೆ ನಿಲ್ಲುವವರು ಎಷ್ಟು ಮಂದಿ ಎಂಬುದೇ ಪ್ರಶ್ನೆ.

ಮತದಾನದ ದಿನ ಬೆಳಿಗ್ಗೆ ಆ ಅಜ್ಜಿ ಕನ್ನಡ ಶಾಲೆಯ ತನಕ ನಡೆದು ಹೋಗಿ, ಬೆರಳಿನ ಮಸಿಯನ್ನು ಊದುತ್ತ ಹೊರಗೆ ಬಂದರು. ಕಟ್ಟೆಯ ಮೇಲೆ ಕುಳಿತ ಮಾಸ್ತರರನ್ನು ಕಂಡು ಕೇಳಿದರು:

“ಮಾಸ್ತರ, ನೀ ಯಾವ ವಾರ್ಡಿನ್ಯಾಂವಪಾ ಈಗ?”

“ಪಡುವಣ ಸಾಲು ಆಯಿ. ಹಳೇ ವಾರ್ಡು.”

“ಹಂಗಾರ ನಿನಗೇನೂ ತ್ರಾಸ ಇರಲಿಲ್ಲಲ್ಲೋ!”

ಮಾಸ್ತರರು ಏನೂ ಹೇಳಲಿಲ್ಲ. ಜೇಬಿನಲ್ಲಿದ್ದ ಸ್ವೀಕೃತಿಯ ಚೀಟಿ, ಕಚೇರಿಯ ಮುದ್ರೆ ಅರ್ಧ ಅಳಿಸಿದ್ದು, ಮಡಿಕೆಯಲ್ಲಿ ಹರಿಯುತ್ತ ಬಂದಿತ್ತು. ಅದನ್ನು ಜೋಪಾನವಾಗಿ ಮತ್ತೆ ಮಡಚಿ ಇಟ್ಟುಕೊಂಡು, ಅಜ್ಜಿಯ ಕೈ ಹಿಡಿದು ಬಾವಿಯ ತನಕ ನಡೆಯಿಸಿಕೊಂಡು ಹೋದರು.