ಚಿಕ್ಕದಾಗಲು ಒಪ್ಪದ ಸಂಗತಿಗಳು

ದರ್ಜಿ ಅಂಗಡಿಯಲ್ಲಿ ಬಿಸಾಡಿದ ಮರದ ದಾರದ ರೀಲು, ಒಂದು ರಬ್ಬರ್ ಬ್ಯಾಂಡು, ಮೇಣದಬತ್ತಿಯಿಂದ ಕತ್ತರಿಸಿದ ಒಂದು ಬಿಲ್ಲೆ, ಎರಡು ಪೊರಕೆಕಡ್ಡಿ. ಇಷ್ಟಿದ್ದರೆ ಒಂದು ಕಾಲದ ಹುಡುಗರಿಗೆ ಟ್ಯಾಂಕು ಸಿದ್ಧ. ರಬ್ಬರ್ ಬ್ಯಾಂಡನ್ನು ರೀಲಿನ ತೂತಿನಲ್ಲಿ ಹಾಯಿಸಿ, ಒಂದು ತುದಿಗೆ ಚಿಕ್ಕ ಕಡ್ಡಿ, ಇನ್ನೊಂದು ತುದಿಗೆ ಮೇಣದ ಬಿಲ್ಲೆ ಮತ್ತು ಉದ್ದದ ಕಡ್ಡಿ ಸಿಕ್ಕಿಸಿ, ಚೆನ್ನಾಗಿ ತಿರುವಿ ನೆಲಕ್ಕೆ ಬಿಟ್ಟರೆ ಅದು ಬಲು ಗಾಂಭೀರ್ಯದಿಂದ ತೆವಳುತ್ತಾ ಹೋಗುತ್ತಿತ್ತು. ರೀಲಿನ ಅಂಚಿಗೆ ಚಾಕುವಿನಿಂದ ಹಲ್ಲು ಕೊರೆದರೆ ಸಮಾಜ ವಿಜ್ಞಾನದ ಪುಸ್ತಕವನ್ನೂ ಹತ್ತಿ ಇಳಿಯುತ್ತಿತ್ತು.

ಅದೇ ಆಟ ಬೆಳೆದು ದೊಡ್ಡದಾದರೆ ಏನಾಗುತ್ತದೆ ಎಂಬುದನ್ನು ನೋಡಬೇಕಾದರೆ ರೇಡಿಯೊ ನಿಯಂತ್ರಿತ ಟ್ಯಾಂಕ್ ಮಾದರಿಗಳನ್ನು ಕಟ್ಟುವ ಹವ್ಯಾಸಿಯ ಮೇಜಿನ ಬಳಿ ಹೋಗಬೇಕು. ನಿಜವಾದ ಟ್ಯಾಂಕಿನ ಉದ್ದ, ಅಗಲ, ಎತ್ತರ, ಚಕ್ರ, ಬೋಲ್ಟು ಎಲ್ಲವನ್ನೂ ಹದಿನಾರರಿಂದ ಭಾಗಿಸಿ ಮಾಡಿದ ಮಾದರಿ ಅದು. ಕೈಯಲ್ಲಿರುವ ಪೆಟ್ಟಿಗೆಯ ಕಡ್ಡಿಯನ್ನು ಮುಂದೂಡಿದರೆ ಎರಡು ಬದಿಯ ಸರಪಳಿ ಪಟ್ಟಿಗಳೂ ಉರುಳುತ್ತವೆ. ಒಂದು ನಿಂತು ಇನ್ನೊಂದು ಉರುಳಿದರೆ ಟ್ಯಾಂಕು ತಿರುಗುತ್ತದೆ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಉರುಳಿದರೆ ನಿಂತಲ್ಲೇ ಬುಗುರಿಯಂತೆ ಸುತ್ತುತ್ತದೆ. ಭಾಗಗಳನ್ನು ಜೋಡಿಸಲು ಕೆಲವು ವಾರ ಸಾಕು. ಅದಕ್ಕೆ ಬಣ್ಣ, ಧೂಳು, ಕೆಸರು, ಸವೆತ ಎಲ್ಲ ಬರಿಸಿ ನಿಜದಂತೆ ಕಾಣಿಸಲು ತಿಂಗಳುಗಳು ಹಿಡಿಯುತ್ತವೆ.

ಇಂಥ ಮೇಜಿನ ಮುಂದೆ ನಿಂತ ತಂದೆತಾಯಿಗಳು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಇದರಿಂದ ಏನು ಉಪಯೋಗ? ಇಷ್ಟೆಲ್ಲ ಶ್ರಮಪಡಲು ಯುದ್ಧದ ಸಾಮಾನೇ ಆಗಬೇಕಿತ್ತೆ? ಮೊದಲನೆಯದಕ್ಕೆ ಉತ್ತರ ಹೇಳಬಹುದು. ಎರಡನೆಯದಕ್ಕೆ ಉತ್ತರ ಅಷ್ಟು ಸುಲಭವಲ್ಲ.

ಜಪಾನಿನ ಶಿಜುವೋಕಾ ನಗರ 1945ರ ಜೂನ್ ತಿಂಗಳಲ್ಲಿ ಅಮೆರಿಕದ ಬಾಂಬುಗಳಿಗೆ ಸಿಕ್ಕಿ ಉರಿದುಹೋಯಿತು. ಮರುವರ್ಷ ಅದೇ ಊರಿನಲ್ಲಿ ಯೋಶಿಯೊ ತಮಿಯಾ ಎಂಬವರು ಮರ ಕೊಯ್ಯುವ ಉದ್ಯಮ ಆರಂಭಿಸಿದರು. ಸ್ವಲ್ಪ ಕಾಲದಲ್ಲಿ ಅದರ ಜೊತೆಗೆ ಮರದ ಹಡಗು, ವಾಹನಗಳ ಮಾದರಿಗಳೂ ಬಂದವು. ಆಮೇಲೆ ಪೇಟೆಗೆ ಪ್ಲಾಸ್ಟಿಕ್ ಬಂದಿತು. ಮರದ ಮಾದರಿಗಳನ್ನು ಕೇಳುವವರು ಕಡಿಮೆಯಾದರು. 1960ರಲ್ಲಿ ತಮಿಯಾ ಕಂಪನಿ ಹೊರತಂದ ಮೊದಲ ಪ್ಲಾಸ್ಟಿಕ್ ಮಾದರಿ, ಯಮಾಟೋ ಎಂಬ ಯುದ್ಧನೌಕೆ, ಲಾಭ ತರಲಿಲ್ಲ. ಆಗ ಯೋಶಿಯೊ ಅವರ ಮಗ ಶುನ್‌ಸಾಕು ತಾವೇ ನಕಾಶೆ ಬರೆದು ಮೋಟಾರಿನಿಂದ ಓಡುವ ಒಂದು ಟ್ಯಾಂಕನ್ನು ರೂಪಿಸಿದರು. ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಆ ಮಾದರಿ 1962ರಲ್ಲಿ ಬಂದು ಕಂಪನಿಯ ಕೈಹಿಡಿಯಿತು.

ಇಲ್ಲೊಂದು ತಮಾಷೆಯ ಸಂಗತಿಯಿದೆ. ಪ್ಯಾಂಥರ್ ಗೆದ್ದ ಮೇಲೆ ಅದೇ ಪ್ರಮಾಣದಲ್ಲಿ ಬೇರೆ ಟ್ಯಾಂಕುಗಳನ್ನೂ ಮಾಡಬೇಕೆನಿಸಿ ಶುನ್‌ಸಾಕು ತಮ್ಮ ಮಾದರಿಯನ್ನೇ ಅಳೆದು ನೋಡಿದರು. ಅದು ನಿಜ ಟ್ಯಾಂಕಿನ ಸುಮಾರು ಮೂವತ್ತೈದನೇ ಒಂದು ಭಾಗವಿತ್ತು. ಮೂವತ್ತೈದೇ ಏಕೆ? ಯಾವ ಶಾಸ್ತ್ರವೂ ಇಲ್ಲ. ಹೊಟ್ಟೆಯೊಳಗೆ ಎರಡು ಬ್ಯಾಟರಿ ಸೆಲ್ಲು ಹಿಡಿಸಬೇಕಿತ್ತು, ಅಷ್ಟೇ! ಆ ಎರಡು ಸೆಲ್ಲುಗಳ ಕಾರಣದಿಂದ ಇಂದಿಗೂ ಜಗತ್ತಿನ ನಾನಾ ದೇಶಗಳ ಕಂಪನಿಗಳು ಮೂವತ್ತೈದನೇ ಒಂದರ ಟ್ಯಾಂಕುಗಳನ್ನು ಮಾಡುತ್ತಿವೆ. 1974ರಲ್ಲಿ ತಮಿಯಾ ಕಂಪನಿ ತನ್ನ ಮೊದಲ ರೇಡಿಯೊ ನಿಯಂತ್ರಿತ ಮಾದರಿಯನ್ನು ತಂದಾಗ ಗಾತ್ರವನ್ನು ಹದಿನಾರನೇ ಒಂದಕ್ಕೆ ಏರಿಸಿತು. ಆ ಟ್ಯಾಂಕು ಅಮೆರಿಕದ ಶರ್ಮನ್. ಬಾಂಬು ಹಾಕಿದವರ ಟ್ಯಾಂಕನ್ನು ಬಾಂಬು ತಿಂದ ಊರು ಇಪ್ಪತ್ತೊಂಬತ್ತು ವರ್ಷಗಳ ನಂತರ ಆಟಿಕೆ ಮಾಡಿ ಮಾರಿತು ಎನ್ನಬಹುದು.

ಇನ್ನು ಉಪಯೋಗದ ಮಾತು. ಒಂದು ವಸ್ತುವನ್ನು ಹದಿನಾರರಿಂದ ಭಾಗಿಸುವುದು ಸುಲಭ ಎಂದುಕೊಂಡವನಿಗೆ ಈ ಹವ್ಯಾಸ ಬೇಗ ಬುದ್ಧಿ ಕಲಿಸುತ್ತದೆ. ಜರ್ಮನಿಯ ಟೈಗರ್ ಟ್ಯಾಂಕಿನ ಉದ್ದ ಫಿರಂಗಿಯ ಕೊಳವೆಯೂ ಸೇರಿ ಸುಮಾರು 8.45 ಮೀಟರ್. ಮಾದರಿಯಲ್ಲಿ ಅದು ಸುಮಾರು 53 ಸೆಂಟಿಮೀಟರ್. ಸರಿ. ನಿಜವಾದದ್ದರ ತೂಕ 57 ಟನ್. ಹದಿನಾರರಿಂದ ಭಾಗಿಸಿದರೆ ಮೂರೂವರೆ ಟನ್! ಮೇಜು ಮುರಿದುಹೋದೀತು. ಉದ್ದ, ಅಗಲ, ಎತ್ತರ ಮೂರೂ ಹದಿನಾರು ಪಟ್ಟು ಕುಗ್ಗಿರುವುದರಿಂದ ತೂಕ ಹದಿನಾರರ ಘನ, ಅಂದರೆ 4096 ಪಟ್ಟು ಕುಗ್ಗಬೇಕು. ಹಾಗೆ ಲೆಕ್ಕ ಹಾಕಿದರೆ ಸುಮಾರು 14 ಕಿಲೋ. ಪ್ಲಾಸ್ಟಿಕ್ಕಿನ ಮಾದರಿ ಅಷ್ಟೂ ತೂಗುವುದಿಲ್ಲ.

ನೆಲಕ್ಕೆ ತಾಗುವ ಪಟ್ಟಿಯ ವಿಸ್ತೀರ್ಣ ಮಾತ್ರ 256 ಪಟ್ಟು ಕುಗ್ಗಿರುತ್ತದೆ. ತೂಕ 4096 ಪಟ್ಟು ಇಳಿದು, ಅದನ್ನು ಹೊರುವ ಜಾಗ 256 ಪಟ್ಟು ಇಳಿದರೆ ನೆಲದ ಮೇಲಿನ ಒತ್ತಡ ಹದಿನಾರನೇ ಒಂದಾಗುತ್ತದೆ. ಹಾಗಾಗಿ ನಿಜವಾದ ಟ್ಯಾಂಕು ಕೆಸರಿನಲ್ಲಿ ಹೂತು ಒದ್ದಾಡುವಲ್ಲಿ ಮಾದರಿ ಹಕ್ಕಿಯಂತೆ ಮೇಲೆಯೇ ಓಡುತ್ತದೆ. ಹವ್ಯಾಸಿಗಳು ಒಳಗೆ ಸೀಸದ ತುಂಡು ಇಡುತ್ತಾರೆ, ಪ್ಲಾಸ್ಟಿಕ್ ಪಟ್ಟಿ ತೆಗೆದು ಲೋಹದ ಪಟ್ಟಿ ಹಾಕುತ್ತಾರೆ. ಲೋಹದ ಪಟ್ಟಿ ತನ್ನ ಭಾರಕ್ಕೆ ತಾನೇ ಚಕ್ರಗಳ ಮೇಲೆ ಜೋತುಬೀಳುತ್ತದೆ. ಆ ಜೋಲು ಇಲ್ಲದ ಟ್ಯಾಂಕನ್ನು ಕಂಡರೆ ಬಲ್ಲವರು ದೂರದಿಂದಲೇ ತಲೆಯಾಡಿಸುತ್ತಾರೆ.

ಓಟದ ವಿಷಯ ಇದಕ್ಕಿಂತ ಸೊಗಸು. ಟೈಗರ್ ಗಂಟೆಗೆ ಸುಮಾರು 40 ಕಿಲೋಮೀಟರ್ ಓಡಬಲ್ಲದಾಗಿತ್ತು. ಹದಿನಾರರಿಂದ ಭಾಗಿಸಿದರೆ ಎರಡೂವರೆ ಕಿಲೋಮೀಟರ್, ಅಂದರೆ ಅಜ್ಜನ ಸಂಜೆಯ ನಡಿಗೆ. ಮಾದರಿಯನ್ನು ಅಷ್ಟೇ ನಿಧಾನ ಓಡಿಸಿದರೂ ಚಿಕ್ಕ ಉಬ್ಬು ಸಿಕ್ಕೊಡನೆ ಅದು ಆಟಿಕೆಯಂತೆ ತಟಕ್ಕನೆ ಕುಪ್ಪಳಿಸುತ್ತದೆ. ಕಾರಣ, ಗುರುತ್ವಾಕರ್ಷಣೆ ಕುಗ್ಗಲು ಒಪ್ಪುವುದಿಲ್ಲ. ಪ್ರೌಢಶಾಲೆಯ ಲೋಲಕದ ಪಾಠ ಇಲ್ಲಿ ನೆನಪಾಗಬೇಕು. ಲೋಲಕದ ಉದ್ದವನ್ನು ಹದಿನಾರನೇ ಒಂದಕ್ಕೆ ಇಳಿಸಿದರೆ ಅದರ ಆಂದೋಲನದ ಅವಧಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಮೂತಿ ಬಗ್ಗಿಸಿ ಏಳಲು ದೊಡ್ಡ ಟ್ಯಾಂಕಿಗೆ ಎರಡು ಸೆಕೆಂಡು ಬೇಕಿದ್ದರೆ ಮಾದರಿಗೆ ಅರ್ಧ ಸೆಕೆಂಡು ಸಾಕು. ಸಿನಿಮಾದವರು ಚಿಕ್ಕ ಮಾದರಿಗಳನ್ನು ಚಿತ್ರೀಕರಿಸುವಾಗ ಕ್ಯಾಮೆರಾವನ್ನು ವೇಗವಾಗಿ ಓಡಿಸುವುದು ಇದೇ ಕಾರಣಕ್ಕೆ. ಸೆಕೆಂಡಿಗೆ 24ರ ಬದಲು 96 ಚೌಕಟ್ಟು ಹಿಡಿದು, ತೆರೆಯ ಮೇಲೆ 24ರಂತೆ ತೋರಿಸಿದರೆ ಅರ್ಧ ಸೆಕೆಂಡಿನ ಕುಪ್ಪಳಿಕೆ ಮತ್ತೆ ಎರಡು ಸೆಕೆಂಡಿನ ಭಾರದ ತೂಗಾಟವಾಗುತ್ತದೆ.

ಧೂಳು, ಮರಳೂ ಹಾಗೆಯೇ. ಅಂಗಳದ ಅರ್ಧ ಮಿಲಿಮೀಟರಿನ ಮರಳ ಕಣ ಮಾದರಿಯ ಪಕ್ಕ 8 ಮಿಲಿಮೀಟರಿನ ಜಲ್ಲಿಕಲ್ಲು. ಆದ್ದರಿಂದ ನಿಜವಾದ ಮಣ್ಣು ಮೆತ್ತಿದರೆ ಸುಳ್ಳೆನಿಸುತ್ತದೆ. ಹಿಟ್ಟಿನಷ್ಟು ನುಣ್ಣಗಿನ ಬಣ್ಣದ ಪುಡಿ ಮೆತ್ತಿದರೆ ನಿಜವೆನಿಸುತ್ತದೆ. ತೆಳುವಾದ ಕಪ್ಪು ಬಣ್ಣವನ್ನು ಹರಿಯಬಿಟ್ಟು ಸಂದುಗಳಲ್ಲಿ ನಿಲ್ಲಿಸುವುದು, ಬಟ್ಟೆಗೆ ಒರೆಸಿ ಹೆಚ್ಚುಕಡಿಮೆ ಒಣಗಿಸಿದ ಕುಂಚವನ್ನು ಅಂಚುಗಳ ಮೇಲೆ ಸವರುವುದು, ಸ್ಪಂಜಿನ ಚೂರಿನಿಂದ ಬಣ್ಣ ಕಿತ್ತುಹೋದ ಕಲೆ ಒತ್ತುವುದು ಇವೆಲ್ಲ ಕೈಗೆ ಬರುವ ಕಸುಬು. ಕಷ್ಟವಿರುವುದು ಎಲ್ಲಿ ಕಲೆ ಒತ್ತಬೇಕು ಎಂಬುದರಲ್ಲಿ. ಬಣ್ಣ ಸವೆಯುವುದು ಸೈನಿಕರು ಹತ್ತಿ ಇಳಿಯುವ ಬಾಗಿಲಿನ ಅಂಚಿನಲ್ಲಿ. ಇಂಧನದ ಕಲೆ ಬೀಳುವುದು ತುಂಬುವ ಮುಚ್ಚಳದ ಸುತ್ತ. ನೆಲಕ್ಕೆ ಉಜ್ಜುವ ಪಟ್ಟಿ ತುಕ್ಕು ಹಿಡಿಯದೆ ಹೊಳೆಯುತ್ತದೆ. ಹೊಸಬರು ಹುರುಪಿನಲ್ಲಿ ಇಡೀ ಟ್ಯಾಂಕಿಗೆ ತುಕ್ಕು ಬಳಿದುಬಿಡುತ್ತಾರೆ. ಯುದ್ಧಕ್ಕೆ ಹೋದ ಎಷ್ಟೋ ಟ್ಯಾಂಕುಗಳು ಹಾಗೆ ತುಕ್ಕು ಹಿಡಿಯುವಷ್ಟು ದಿನ ಬದುಕಲೇ ಇಲ್ಲ.

ತಂದೆತಾಯಿಗಳಿಗೆ ನಡುವೆ ಒಂದು ಮಾತು: ಈಚಿನ ಮಾದರಿಗಳಲ್ಲಿ ಲಿಥಿಯಂ ಬ್ಯಾಟರಿ ಇರುವುದುಂಟು. ಅದನ್ನು ಚಾರ್ಜಿಗೆ ಹಾಕಿ ಮಲಗಬಾರದು. ಉಬ್ಬಿದ್ದನ್ನು ಮತ್ತೆ ಬಳಸಬಾರದು. ಮಾದರಿಯ ಬೆಲೆಯೂ ಶಾಲೆಯ ಹುಡುಗರ ಕೈಗೆಟುಕುವಂಥದ್ದಲ್ಲ. ರಟ್ಟು, ಬಾಟಲಿ ಮುಚ್ಚಳ, ಹಳೆಯ ಟೇಪ್ ರೆಕಾರ್ಡರಿನ ಮೋಟಾರಿನಿಂದ ಆರಂಭಿಸಿದರೂ ಮೇಲಿನ ಲೆಕ್ಕಗಳಲ್ಲಿ ಒಂದೂ ಬದಲಾಗುವುದಿಲ್ಲ.

ನೋಡಿ ಕಲಿಯಲು ನಿಜವಾದ ಟ್ಯಾಂಕು ಬೇಕೆಂದರೆ ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿ ಒಂದು ಟಿ-55 ನಿಂತಿದೆ. 1971ರ ಯುದ್ಧದಲ್ಲಿ ಭಾರತದ ಸೇನೆ ಬಳಸಿದ ಜಾತಿಯದು. ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರೆಲ್ಲ ಚಕ್ರಗಳನ್ನು ಎಣಿಸುವುದಿಲ್ಲ. ಬದಿಗೆ ಐದು ಚಕ್ರ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ಸಂದು ಉಳಿದವುಗಳಿಗಿಂತ ದೊಡ್ಡದು. ಆ ಸಂದನ್ನು ತಾನಾಗಿ ಗುರುತಿಸಿದ ಹುಡುಗನಿಗೆ ಮಾದರಿ ಕಟ್ಟುವ ಅರ್ಧ ವಿದ್ಯೆ ಬಂದಂತೆ.

ಎರಡನೆಯ ಪ್ರಶ್ನೆ ಉಳಿಯಿತು. ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿ 131 ಎಂಬ ಸಂಖ್ಯೆಯ ಟೈಗರ್ ಇದೆ. 1943ರ ಏಪ್ರಿಲ್‌ನಲ್ಲಿ ಟುನೀಷಿಯಾದಲ್ಲಿ ಬ್ರಿಟಿಷರಿಗೆ ಸಿಕ್ಕಿದ್ದು. ಗುಂಡೊಂದು ಫಿರಂಗಿಯ ಕೊಳವೆಯ ಕೆಳಗೆ ಬಡಿದು ಜಾರಿ, ತಿರುಗುವ ಗೋಪುರ ಕುಳಿತಿರುವ ಬಳೆಯನ್ನು ಕಚ್ಚಿಸಿತು. ಗೋಪುರ ತಿರುಗದಾಯಿತು, ಒಳಗಿದ್ದವರು ಟ್ಯಾಂಕು ಬಿಟ್ಟು ಓಡಿದರು. ಆ ಗಾಯದ ಗುರುತು ಇಂದಿಗೂ ಇದೆ. ಹವ್ಯಾಸಿಗಳು ಅದರ ಚಿತ್ರಗಳನ್ನು ನೋಡಿ ಗಾಯವನ್ನೂ ಹದಿನಾರರಿಂದ ಭಾಗಿಸಿ, ತಮ್ಮ ಪ್ಲಾಸ್ಟಿಕ್ಕಿನ ಮೇಲೆ ಅರದಿಂದ ಎಚ್ಚರಿಕೆಯಿಂದ ಕೊರೆಯುತ್ತಾರೆ. ಗೀರು ಸರಿಯಾದ ಜಾಗದಲ್ಲಿ ಸರಿಯಾದ ಆಳಕ್ಕೆ ಬಂದಿತೆಂದು ಸಂತೋಷಪಡುತ್ತಾರೆ. ಅದು ತಪ್ಪೆ? ಹಾಗೆನ್ನಲಾಗದು. ಎಷ್ಟೋ ಜನ ಆ ಗೀರಿನ ಹಿಂದೆ ಬಿದ್ದು ಟುನೀಷಿಯಾದ ಯುದ್ಧದ ಚರಿತ್ರೆಯನ್ನೇ ಓದಿದ್ದಾರೆ. ಗೀರಿನಲ್ಲೇ ನಿಂತವರೂ ಇದ್ದಾರೆ.

ಟೈಗರ್ ಟ್ಯಾಂಕಿನಲ್ಲಿ ಐದು ಜನ ಇರುತ್ತಿದ್ದರು. ಮಾದರಿಯಲ್ಲಿ ಸಾಮಾನ್ಯವಾಗಿ ಒಬ್ಬನೇ, ಮೇಲಿನ ಬಾಗಿಲಿನಿಂದ ತಲೆಯೆತ್ತಿ ನೋಡುವ ಕಮಾಂಡರು. ಹವ್ಯಾಸಿ ಎಲ್ಲ ಮುಗಿದ ಮೇಲೆ, ಭೂತಗನ್ನಡಿ ಹಿಡಿದು, ಮೂರೇ ಕೂದಲಿನ ಕುಂಚದಿಂದ ಅವನ ಕಣ್ಣು ಬರೆಯುತ್ತಾನೆ. ಅವನಿಗೆ ಸೊಂಟದಿಂದ ಕೆಳಗೆ ಏನೂ ಇರುವುದಿಲ್ಲ. ಉಳಿದ ನಾಲ್ವರು ಕೂರುತ್ತಿದ್ದ ಜಾಗದಲ್ಲಿ ಮೋಟಾರು, ತಂತಿ, ಬ್ಯಾಟರಿ.